ಆದೆಪ್ಪನ ಹತ್ತು ಶೇರು

"ಶೇಖರೀ, ಇನ್ನ ಮ್ಯಾಲೆ ನನಗ ಪುಸ್ತಕ ಬ್ಯಾಡ, ಗುರು ಬ್ಯಾಡ! ಪಶು ಪಕ್ಷಿ, ಗಿಡ ಗಂಟಿ, ಇವೇ ನನ್ನ ಉಸ್ತಾದರು. ಒಂದು ವರ್ಷದಾಗ ನೋಡ್ತಿರು, ಮುದಗಲ್ಲಿಂದ ರಾಯಚೂರ ತನಕಾ ನಂದ ಹೆಸರು!" ಎಂದು ಆದೆಪ್ಪ ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಮೊದಲೇ ಘೋಷಿಸಿಬಿಟ್ಟ.

"ನಿಮ್ಮ ಉಸ್ತಾದರು ಜ್ವಾಳಾ ಬೀಸಿಸ್ಕೊಂಡು ಬರ್ತಾರೇನು ಕೇಳ್ರಿ. ಹಿಟ್ಟು ತೀರೇತಿ," ಎಂದಳು ಹೆಂಡತಿ ಶೇಖರಮ್ಮ.

ಆದೆಪ್ಪ ಲಿಂಗಸುಗೂರಿನ ಅಮರಗುಂಡಪ್ಪ ಸಾಹುಕಾರರ ಹತ್ತಿ ಅಂಗಡಿಯಲ್ಲಿ ಗುಮಾಸ್ತ. ನಿಜಾಮರ ಕಾಲದಲ್ಲಿ ಉರ್ದು ಶಾಲೆಗೆ ಹೋದವನು. ನಿಜಾಮರ ರಾಜ್ಯ ಹೋಗಿ ನಾಲ್ಕು ವರ್ಷವಾಗಿತ್ತು, ಇವನ ಶಾಯರಿ ಹುಚ್ಚು ಮಾತ್ರ ಹೋಗಿರಲಿಲ್ಲ. ಕಾಲ ನೋಡಿಕೊಂಡು ಕನ್ನಡದಲ್ಲಿ ಬರೆಯುತ್ತಿದ್ದ, ಉರ್ದುವಿನಲ್ಲಿ ಮೆರೆಯುತ್ತಿದ್ದ. ತಾನು ಹೊಸೆದ ಎರಡೆರಡು ಸಾಲಿನ ಪದ್ಯಕ್ಕೆ 'ಶೇರ್' ಎನ್ನುತ್ತಿದ್ದ. ಊರಿನ ಉಳಿದ ಜನಕ್ಕೆ ಶೇರು ಎಂದರೆ ಹಾಲು, ಎಣ್ಣೆ ಅಳೆಯುವ ಶೇರು. ಇಂಥ ಚಿಲ್ಲರೆ ವಿಷಯವೆಲ್ಲ ಮಹಾಕವಿಗಳ ತಲೆಗೆ ಹೊಳೆಯುತ್ತದೆಯೇ?

ಮೊದಲು ಉಸ್ತಾದನಾಗಿ ನೇಮಕಗೊಂಡದ್ದು ಕಾಗೆ. ಬೇವಿನ ಗಿಡದ ಕೆಳಗೆ ಪದ್ಯ ಬರೆಯುವ ವಹಿ ಬಿಡಿಸಿ ಕೂತ ಆದೆಪ್ಪನ ಮೊದಲ ಸಾಲಿಗೇ ಅದು ತನ್ನ ಅಭಿಪ್ರಾಯವನ್ನು ಮೇಲಿನಿಂದ ಹಾಕಿತು, ಸರಿಯಾಗಿ ವಹಿಯ ನಡುವೆ! ಆಮೇಲೆ ಓತಿಕ್ಯಾತ. ಅದು ಪ್ರತಿ ಸಾಲಿಗೂ ತಲೆದೂಗಿತು. ಆದೆಪ್ಪನ ಕಣ್ಣಲ್ಲಿ ನೀರೇ ಬಂತು. ಮರುದಿನ ಅದು ಖಾಲಿ ಗೋಡೆಗೂ ಅಷ್ಟೇ ಭಕ್ತಿಯಿಂದ ತಲೆದೂಗುವುದನ್ನು ಕಂಡು ಆ ಸ್ನೇಹ ಮುಗಿಯಿತು.

ಕೊನೆಗೆ ಒಲಿದದ್ದು ಎಮ್ಮೆ. ಶೇಖರಮ್ಮನ ತವರಿನವರು ಮಸ್ಕಿಯಿಂದ ಹೊಡೆದುಕೊಂಡು ಬಂದು ಕೊಟ್ಟ ಎಮ್ಮೆ. ಬೆಳಿಗ್ಗೆ ಅವಳು ಹಿಂದೆ ಹಾಲು ಕರೆಯಲು ಕೂತರೆ, ಇವನು ಮುಂದೆ ಕೂತು ಅದರ ಕಣ್ಣಲ್ಲಿ ಕಣ್ಣಿಟ್ಟು ಕೈಯೆತ್ತಿ ಓದುವನು:

"ಕಪ್ಪು ಮೋಡವೇ, ಕೊಟ್ಟಿಗೆಗಿಳಿದ ಇರುಳೇ,
ನಿನ್ನ ಮೆಲುಕಿನಲ್ಲಿ ಅಡಗಿದೆ ನನ್ನ ಕರುಳೇ!"

"ಯಪ್ಪಾ, ಸಾಕ ಮಾಡ್ರಿ! ಎಮ್ಮಿ ಹಾಲು ಏರಿಸ್ಕೊಂಡು ನಿಂತೈತಿ. ಪಾವ್ ಶೇರೂ ಬರವಲ್ದು," ಎಂದು ಶೇಖರಮ್ಮ ಗೋಳಾಡಿದಳು.

"ಅದು ಮೈಮರತೈತಿ. ನಿನಗ ರಸಿಕತನ ತಿಳಿಯೂದಿಲ್ಲ!"

ಎಮ್ಮೆ ಮೈಮರೆತಿರಲಿಲ್ಲ. ಆ ಕ್ಷಣವೇ ಜಾಡಿಸಿ ಒದ್ದು ಚರಿಗೆಯನ್ನು ಅಂಗಳ ದಾಟಿಸಿತು. ಹದಿನೈದು ದಿನ ಹೀಗೇ ನಡೆಯಿತು. ಹಾಲು ಇಳಿಯಿತು, ಶೇರ್ ಏರಿದವು.

ಆದೆಪ್ಪನಿಗೆ ಇದ್ದದ್ದು ಒಂದೇ ಕೊರಗು. ಅವನ ಪದ್ಯ ಕೇಳಿದ ಮನುಷ್ಯರೇ ಇರಲಿಲ್ಲ. ಮುದಗಲ್ಲಿನ ಬಸವಂತರಾಯರ ವಾಡೆಯಲ್ಲಿ ಪ್ರತಿ ದೀಪಾವಳಿಗೆ ಶಾಯರರ ಕೂಟ ನಡೆಯುತ್ತಿತ್ತು. ಅಲ್ಲಿಗೆ ಕರೆ ಬಂದವನು ಕವಿ, ಬಾರದವನು ಗುಮಾಸ್ತ! ಒಮ್ಮೆ ಆ ಕರೆ ಬಂದರೆ ಸಾಕು, ಸತ್ತರೂ ಚಿಂತೆಯಿಲ್ಲ ಎಂದು ಅವನು ನಿಜವಾಗಿಯೂ ಹಂಬಲಿಸುತ್ತಿದ್ದ.

ಅಂಥದ್ದರಲ್ಲಿ ಸಾಹುಕಾರರ ಮಗಳನ್ನು ನೋಡಲು ಬರುವ ಬೀಗರು ಅದೇ ಬಸವಂತರಾಯರು ಎಂದು ಗೊತ್ತಾಯಿತು. ಅವರು ಬರುವ ಹಿಂದಿನ ದಿನ ಸಾಹುಕಾರರೇ ಇವನನ್ನು ಕರೆದು ಕೇಳಿದರು:

"ಆದೆಪ್ಪಾ, ನಿಮ್ಮ ಎಮ್ಮಿ ಹೆಂಗೈತಿ?"

ಆದೆಪ್ಪನ ಎದೆ ಅರಳಿತು. ತನ್ನ ಕೀರ್ತಿ ಇಲ್ಲಿಗೂ ಮುಟ್ಟಿದೆ! "ಅದರ ಪುಣ್ಯೇದಿಂದ ದಿನಾ ಹತ್ತು ಶೇರ್ ಬರ್ತಾವ್ರೀ!"

"ಹತ್ತು! ಒಂದ ಎಮ್ಮಿಗೆ?"

"ಒಂದ ಎಮ್ಮಿಗೆ ರೀ. ಹುಮ್ಮಸ್ಸು ಬಂದ್ರ ಹನ್ನೆರಡೂ ಆಗ್ತಾವ."

"ನೀರು ಬೆರಸ್ತೀಯೇನಲೇ?"

"ಶಿವಶಿವಾ! ಬ್ಯಾರೇದವರ ಒಂದು ಹನಿ ಸೈತ ಇಲ್ರೀ. ಎಲ್ಲಾ ನಂದ, ಅಪ್ಪಟ!"

'ನಂದ' ಎಂಬ ಮಾತಿಗೆ ಸಾಹುಕಾರರು ಒಂದು ಕ್ಷಣ ಹುಬ್ಬೇರಿಸಿದರು. ಎಮ್ಮೆ ನನ್ನದು ಎನ್ನುತ್ತಿದ್ದಾನೆ ಎಂದು ಸಮಾಧಾನ ತಂದುಕೊಂಡರು. "ಹಂಗಾದ್ರ ನಾಳಿ ಹತ್ತೂ ಶೇರು ನಮ್ಮ ಮನೀಗೇ ತಗೊಂಡು ಬಾ. ಬೀಗರ ಬಾಯಿ ಸಿಹಿ ಆಗಬೇಕು."

"ಬಾಯಿ ಏನ್ರೀ, ಜನ್ಮ ಸಿಹಿ ಆಗ್ತೈತಿ!"

ಮರುದಿನ ಕೋಳಿ ಕೂಗುವ ಮೊದಲೇ ಆದೆಪ್ಪ ಮಡಿ ಧೋತರ ಉಟ್ಟು ಕೆರೆ ದಂಡೆಗೆ ಹೋದ. ಹತ್ತೂ ಶೇರ್ ಬಾಯಿಪಾಠ ಮಾಡಿ ಅಲ್ಲಿಂದ ನೆಟ್ಟಗೆ ಸಾಹುಕಾರರ ಮನೆಗೆ ಬಂದ. ಪಡಸಾಲೆಯಲ್ಲಿ ಬೀಗರು, ಅವರ ಹಿಂದೆ ಇಪ್ಪತ್ತು ಜನ. ಒಲೆಯ ಮೇಲೆ ಶ್ಯಾವಿಗೆ ಪಾಯಸಕ್ಕೆ ಎಲ್ಲಾ ತಯಾರಿ. ಇಲ್ಲದ್ದು ಹಾಲೊಂದೇ.

"ತಂದೀಯೇನು ಹತ್ತು ಶೇರು?" ಎಂದರು ಸಾಹುಕಾರರು.

"ತಂದೀನ್ರೀ!"

ಅಡುಗೆಯ ತಿಮ್ಮವ್ವ ದೊಡ್ಡ ಹಂಡೆ ತಂದು ಅವನ ಮುಂದೆ ಇಟ್ಟಳು. "ಸುರೀ ಯಪ್ಪಾ, ಹೊತ್ತಾಗೇತಿ."

ಆದೆಪ್ಪ ಕಿಸೆಗೆ ಕೈಹಾಕಿ ವಹಿ ತೆಗೆದ. ಹಂಡೆ ಯಾಕೆ ಎಂದು ಅವನಿಗೆ ತಿಳಿಯಲಿಲ್ಲ. ದೊಡ್ಡವರ ಮನೆ, ಏನಾದರೂ ಪದ್ಧತಿ ಇರಬಹುದು ಎಂದುಕೊಂಡು ಹಂಡೆಯ ಮೇಲೆ ಬಗ್ಗಿ ಗಂಟಲು ಸರಿಮಾಡಿಕೊಂಡ.

"ಕಪ್ಪು ಮೋಡವೇ..."

"ಹಾಲೆಲ್ಲೈತಲೇ?" ಸಾಹುಕಾರರು ಗುಡುಗಿದರು.

"ಯಾವ ಹಾಲ್ರೀ?"

ಆಗ ಇಬ್ಬರಿಗೂ ಶೇರ್ ಯಾವುದು, ಶೇರು ಯಾವುದು ಎಂದು ತಿಳಿಯಿತು! ಸಾಹುಕಾರರ ಮುಖ ಬಾಡಿಹೋಯಿತು. ಮಗಳ ಸಂಬಂಧ, ಬಂದ ಬೀಗರಿಗೆ ಪಾಯಸವಿಲ್ಲ! ತಿಮ್ಮವ್ವ ಸೆರಗು ಕಟ್ಟಿ ಆದೆಪ್ಪನ ಮನೆಯ ಕಡೆ ಓಡಿದಳು. ಆದೆಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಬಿಡಲಿಲ್ಲ, ಬಾಯಿ ಬಿಟ್ಟವರು ಬಸವಂತರಾಯರು.

"ಇರಲಿ ಬಿಡ್ರಿ ಸಾಹುಕಾರ್ರ. ಹಾಲು ಬರೂ ತನಕಾ ಶೇರ್ ಕೇಳೂಣು. ಓದ್ರಿ ಕವಿಗಳೇ."

ಕವಿಗಳೇ! ಆದೆಪ್ಪನ ಹೋದ ಜೀವ ಬಂತು. ಹತ್ತಕ್ಕೆ ಹತ್ತೂ ಓದಿದ. ಇರುಳು, ಕರುಳು, ಬಾಲ, ಕೋಡು, ಸಗಣಿ, ಒಂದನ್ನೂ ಬಿಡಲಿಲ್ಲ. ರಾಯರು ಕಣ್ಣು ಮುಚ್ಚಿ ಕೇಳಿದರು. ಮುಗಿಯುವ ಹೊತ್ತಿಗೆ ಶೇಖರಮ್ಮ ತುಂಬಿದ ಕೊಡ ಹೊತ್ತು ತಿಮ್ಮವ್ವನ ಜೊತೆ ಬಾಗಿಲಿಗೆ ಬಂದಿದ್ದಳು.

"ಐದು ಶೇರು ಐತ್ರೀ. ಹದಿನೈದು ದಿನದಾಗ ಇವತ್ತ ಮೊದಲನೇ ಸಲ ಎಮ್ಮಿ ಮನಸು ಬಿಚ್ಚಿ ಹಾಲು ಕೊಟ್ಟೈತಿ!"

"ಇವತ್ತೇನು ವಿಶೇಷ?" ರಾಯರು ಕೇಳಿದರು.

"ಏನಿಲ್ರೀ. ಹಾಲು ಕರಿಯೂ ಮುಂದ ಇವರು ಮನ್ಯಾಗ ಇರಲಿಲ್ಲ."

ರಾಯರು ಶೇಖರಮ್ಮನ ಕೊಡ ನೋಡಿದರು, ಆದೆಪ್ಪನ ವಹಿ ನೋಡಿದರು. ಆದೆಪ್ಪ ಮೆಲ್ಲಗೆ ಕೇಳಿಯೇಬಿಟ್ಟ: "ರಾಯರ, ದೀಪಾವಳಿಗೆ ನಾ ಮುದಗಲ್ಲಿಗೆ ಬರಲೇನ್ರೀ?"

ರಾಯರು ಎದ್ದು ಎರಡೂ ಕೈ ಜೋಡಿಸಿದರು.

"ನಿಮ್ಮ ಶೇರ್ ಭಾಳ ಚಂದ ಅದಾವ್ರೀ ಕವಿಗಳೇ. ಆದ್ರ ದಯಮಾಡಿ ಬರಬ್ಯಾಡ್ರಿ. ನಮ್ಮ ವಾಡೇದಾಗ ಹನ್ನೆರಡು ಎಮ್ಮಿ ಅದಾವ."