ಬಾವನನ್ನು ತಡೆದವರಿಗೆ ಗೋಳಿಬಜೆ

ನಮ್ಮ ಬಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಹುಚ್ಚು ಉಂಟು! ಹೆದರಬೇಡಿ, ಕಚ್ಚುವುದಿಲ್ಲ, ಕೈ ತೊಳೆಸುತ್ತಾರೆ, ಅಷ್ಟೇ. ಮೂಡುಬಿದಿರೆಯ ಒಂದು ಆಸ್ಪತ್ರೆಗೆ ಅವರೇ ದೊಡ್ಡ ಡಾಕ್ಟರು. ಕಿಸೆಯಲ್ಲಿ ಪೆನ್ನು ಇಲ್ಲದಿದ್ದರೂ ಸ್ಯಾನಿಟೈಸರ್ ಇರಲೇಬೇಕು.

ಶಿರ್ತಾಡಿಯ ಮದುವೆಯೊಂದರಲ್ಲಿ ಅಜ್ಜರೊಬ್ಬರು ಮಾತಾಡಿಸಲು ಕೈ ಚಾಚಿದರು. ಬಾವ ಅಂಗೈಗೆ ನಾಲ್ಕು ತೊಟ್ಟು ಹಾಕಿಯೇಬಿಟ್ಟರು. ಅಜ್ಜರು ತೀರ್ಥವೆಂದು ಭಕ್ತಿಯಿಂದ ಬಾಯಿಗೆ ಒಯ್ಯಬೇಕೇ! ಬಾವ ಹಾರಿ ಕೈ ಹಿಡಿಯದಿದ್ದರೆ ನಮಗೆಲ್ಲ ಆವತ್ತು ಊಟ ತಪ್ಪುತ್ತಿತ್ತು.

ಆಸ್ಪತ್ರೆಯ ಕಥೆ ಕೇಳುವುದೇ ಬೇಡ. ಒಂದು ಬೆಳಿಗ್ಗೆ ಬೇಕೆಂದೇ ಕೈ ತೊಳೆಯದೆ ವಾರ್ಡಿಗೆ ನುಗ್ಗಿದರಂತೆ. ಒಬ್ಬರೂ ಕಮಕ್ ಕಿಮಕ್ ಎನ್ನಲಿಲ್ಲ.

"ನನ್ನನ್ನು ನಿಲ್ಲಿಸುವವರು ಯಾರೂ ಇಲ್ವಾ ಮಾರಾಯ್ರೇ?"

"ನೀವು ದೊಡ್ಡವರು ಡಾಕ್ಟ್ರೇ, ಕೇಳುವುದು ಹೇಗೆ?" ಎಂದರು ನೆಲ ಒರೆಸುವ ಗಿರಿಜಕ್ಕ.

"ರೋಗಕ್ಕೆ ದೊಡ್ಡವರು ಸಣ್ಣವರು ಅಂತ ಉಂಟಾ? ನಾಳೆಯಿಂದ ನನ್ನನ್ನು ತಡೆದವರಿಗೆ ಒಂದು ಪ್ಲೇಟ್ ಗೋಳಿಬಜೆ!"

ಮರುದಿನ ಸಿಕ್ಕಸಿಕ್ಕವರೆಲ್ಲ ತಡೆದು, ಬಾವ ತೊಳೆದ ಕೈಯನ್ನೇ ಏಳು ಸಲ ತೊಳೆಯಬೇಕಾಯಿತು! ಗೋಳಿಬಜೆ ತಿಂದವರು ಎಣ್ಣೆ ಕೈ ತೊಳೆಯಲು ಮತ್ತೆ ನಲ್ಲಿಯ ಮುಂದೆ ಸಾಲು ನಿಂತರು. ಬಾವನ ಖುಷಿ ನೋಡಬೇಕಿತ್ತು! ಗಿರಿಜಕ್ಕ ಮಾತ್ರ ತಡೆಯಲಿಲ್ಲ. "ನನಗೆ ನಾಚಿಕೆ ಆಗ್ತದೆ" ಎಂದು ಬಕೆಟ್ ಹಿಡಿದು ಜಾರಿಕೊಂಡರು.

ನಾನೂ ಇದನ್ನೆಲ್ಲ ಹೇಳಿಕೊಂಡು ನಗುತ್ತಿದ್ದೆ, ನನ್ನ ಮಗಳು ದಿನ ತುಂಬುವ ಮೊದಲೇ ಅದೇ ಆಸ್ಪತ್ರೆಯಲ್ಲಿ ಹುಟ್ಟುವವರೆಗೆ. ಒಂದು ಹಿಡಿಯಷ್ಟು ಮಗು, ಗಾಜಿನ ಪೆಟ್ಟಿಗೆಯೊಳಗೆ. ಸ್ವಲ್ಪ ನಂಜು ತಗುಲಿದರೂ ಉಳಿಯುವುದು ಕಷ್ಟ ಎಂದಿದ್ದರು ಮಕ್ಕಳ ಡಾಕ್ಟರು. ಗಾಲಿಕುರ್ಚಿಯಲ್ಲಿ ಆ ಕೋಣೆಯ ಹೊರಗೆ ಕುಳಿತಿದ್ದೆ. ಬೆಳ್ತಂಗಡಿಗೆ ಹೋಗಿದ್ದ ಬಾವ ಸುದ್ದಿ ಕೇಳಿ ಬಂದವರು, ಕಾರಿಳಿದದ್ದೇ ಓಡಿ ನೇರ ಬಾಗಿಲಿಗೆ ನುಗ್ಗಿದರು.

ಗಿರಿಜಕ್ಕ ನೆಲ ಒರೆಸುವ ಕೋಲನ್ನು ಅಡ್ಡ ಹಿಡಿದರು. "ಡಾಕ್ಟ್ರೇ, ಕೈ!"

"ಬಿಡಿ ಗಿರಿಜಕ್ಕ, ಅದು ನಮ್ಮ ಮಗು!"

"ಅದಕ್ಕೇ ಹೇಳುವುದು. ತೊಳೆದು ಬನ್ನಿ."

ಬಾವ ನಲ್ಲಿಯ ಕಡೆ ತಿರುಗಿದರು. ಸೋಪು ಹಚ್ಚಿ, ಮೊಣಕೈವರೆಗೂ ತೊಳೆದು, ನೀರು ಇಳಿಯುತ್ತಿದ್ದ ಕೈಗಳನ್ನೇ ಜೋಡಿಸಿ ಗಿರಿಜಕ್ಕನಿಗೆ ನಮಸ್ಕಾರ ಮಾಡಿದರು. ಗೋಳಿಬಜೆಯ ನೆನಪು ಇಬ್ಬರಿಗೂ ಆಗಲಿಲ್ಲ.

ಮಗಳಿಗೆ ಈಗ ನಾಲ್ಕು ವರ್ಷ. ಅಂಗಳದ ಮಣ್ಣಲ್ಲಿ ಹೊರಳಾಡಿ ಬಂದು "ದೊಡ್ಡಪ್ಪಾ!" ಎಂದು ಬಾವನ ಎರಡೂ ಕೆನ್ನೆ ಹಿಡಿಯುತ್ತಾಳೆ. ಬಾವ ಕಣ್ಣು ಮುಚ್ಚಿ ಕುಳಿತುಬಿಡುತ್ತಾರೆ. ಇಡೀ ಊರಿನಲ್ಲಿ ಆ ಎರಡು ಕೈಗಳಿಗೆ ಮಾತ್ರ ಅವರು ಇದುವರೆಗೆ "ತೊಳೆ" ಎಂದಿಲ್ಲ.