ಮಲಾಡಿಗೆ ಹೊರಟ ರೊಟ್ಟಿ ಗಾಡಿ

ಮೂವತ್ತು ವರ್ಷ ವಿಕ್ರೋಳಿಯ ಕಾರ್ಖಾನೆಯಲ್ಲಿ ತೂಕ, ಅಳತೆ ತಪಾಸಣೆ ಮಾಡಿ ನಿವೃತ್ತನಾದವನು ನಾನು. ಒಂದು ಪಿಕಪ್ ಎಷ್ಟು ಭಾರ ಎಳೆಯುತ್ತದೆ ಎಂದು ಹೇಳುವುದು ನನಗೆ ಯಾವ ಮಹಾ ಕೆಲಸ!

ಮಲಾಡಿನ ಒಂದು ಸೊಸೈಟಿಯವರು ಭಾನುವಾರದ ಸಂತೆಯಲ್ಲಿ ನನ್ನ ಹೆಂಡತಿ ಶಾಂತಾಳಿಗೆ ಜೋಳದ ರೊಟ್ಟಿ ಮಾರಲು ಜಾಗ ಕೊಟ್ಟಿದ್ದರು. ಹನ್ನೊಂದಕ್ಕೆ ಒಲೆ ಹೊತ್ತದಿದ್ದರೆ ಆ ಜಾಗ ಪಾವ್‌ಭಾಜಿಯವನಿಗೆ. ನಮ್ಮನ್ನೆಲ್ಲ ಉಣಿಸುವುದರಲ್ಲೇ ಆಯುಷ್ಯ ಕಳೆದವಳಿಗೆ ಇದು ಮೊದಲ ಸ್ವಂತ ಅಂಗಡಿ. ಎರಡು ಗಾಲಿಯ ಆ ತಗಡಿನ ಅಂಗಡಿಯನ್ನು ಅವಳ ತಮ್ಮ ವೀರೇಶನ ಪಿಕಪ್ಪಿನ ಹಿಂದೆ ಕಟ್ಟಿ ಸುರಕ್ಷಿತವಾಗಿ ಮುಟ್ಟಿಸುವ ಜವಾಬ್ದಾರಿ ನನ್ನದು.

ಪಿಕಪ್ಪಿನ ಕೈಪಿಡಿ ಪುಸ್ತಕದಲ್ಲಿ ಎಳೆಯುವ ತೂಕದ ಮಿತಿ ನೋಡಿದೆ. ಅಂಗಡಿಯನ್ನು ಲಾರಿ ತೂಗುವ ಕಾಟಾದ ಮೇಲೆ ತೂಗಿಸಿದೆ. ಮಿತಿಗಿಂತ ನೂರು ಕಿಲೋ ಕಡಿಮೆ! "ಸುರಕ್ಷಿತ" ಎಂದು ಕಾಗದದಲ್ಲಿ ಬರೆದು, ಸಹಿ ಹಾಕಿ, ಫ್ರಿಜ್ಜಿಗೆ ಅಂಟಿಸಿದೆ.

"ಅದು ಖಾಲಿ ಅಂಗಡಿ ತೂಕ ಅಲ್ಲೇನ್ರಿ?" ಎಂದಳು ಶಾಂತಾ.

"ನೀ ರೊಟ್ಟಿ ಬಡಿ. ತೂಕ ನನಗ ಬಿಡು!"

ಭಾನುವಾರ ಬೆಳಿಗ್ಗೆ ಹಂಚು, ಸಿಲಿಂಡರ್, ಹಿಟ್ಟು ಪಿಕಪ್ಪಿಗೆ ಏರಿದವು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮಲಾಡಿನ ನೀರಿಗೆ ಹಿಟ್ಟು ಹದ ಬರದಿದ್ದರೆ? ನಮ್ಮನೆ ನೀರು ಎರಡು ಡ್ರಮ್ ಏರಿಸಿದೆ. ಮಲಾಡಿನಲ್ಲೇ ಬೀಗರಿದ್ದಾರೆ; ಬರಿಗೈಯಲ್ಲಿ ಹೋಗುವುದುಂಟೆ? ಒಂದು ಕ್ವಿಂಟಲ್ ಬಿಳಿಜೋಳ! ಎಲ್ಲ ಪಿಕಪ್ಪಿನ ಮೇಲಿದೆ, ಎಳೆಯುವ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ತೀರ್ಪು ಕೊಟ್ಟೆ.

ಪವಯಿಯ ಏರಿನಲ್ಲಿ ಪಿಕಪ್ಪು ಹಿಂದೆ ಕುಸಿದು ಮೂತಿ ಎತ್ತಿತು.

"ಮಾಮಾ, ಸ್ಟೇರಿಂಗ್ ಹಗೂರಾಗೇತಿ. ಇನ್ನ ಒಂದ ಹೆಜ್ಜಿ ಮುಂದ ಒಯ್ಯಂಗಿಲ್ಲ," ಎಂದು ವೀರೇಶ ಬದಿಗೆ ನಿಲ್ಲಿಸಿದ. ಗಂಟೆ ಒಂಬತ್ತೂವರೆ.

ಶಾಂತಾ ಕನ್ನಡಕ ಏರಿಸಿ ಅದೇ ಕೈಪಿಡಿ ತೆಗೆದಳು. "ಇಲ್ಲಿ ಸಣ್ಣ ಅಕ್ಷರದಾಗ ಐತಿ ನೋಡ್ರಿ. ಎಳಿಯೋ ಗಾಡಿ, ಹಿಂದಿಂದು, ಸಾಮಾನು, ಕುಂತ ಮಂದಿ, ಎಲ್ಲಾ ಕೂಡೇ ಲೆಕ್ಕ."

ನೀರು ಗಟಾರ ಸೇರಿತು. ಜೋಳ ರಸ್ತೆ ಬದಿಯ ಪಂಕ್ಚರ್ ಅಂಗಡಿಯವನ ವಶವಾಯಿತು. ವೀರೇಶ ಮೊಬೈಲಿನಲ್ಲಿ ಎಲ್ಲ ಕೂಡಿಸಿದ. "ಇನ್ನೂ ಎಂಬತ್ತು ಕಿಲೋ ಹೆಚ್ಚೈತಿ."

ಹಿಟ್ಟು ಇಳಿಸುವಂತಿಲ್ಲ. ಸಿಲಿಂಡರ್ ಇಳಿಸುವಂತಿಲ್ಲ. ಅಕ್ಕ, ತಮ್ಮ ಇಬ್ಬರೂ ನನ್ನನ್ನು ನೋಡಿದರು.

ನನ್ನ ತೂಕ ಎಂಬತ್ತೆರಡು!

ರಿಕ್ಷಾ ಹಿಡಿದು ಕಾಂಜೂರ್‌ಮಾರ್ಗ್‌ಗೆ ಹೋದೆ. ಅಲ್ಲಿಂದ ಲೋಕಲ್, ದಾದರ್‌ನಲ್ಲಿ ಗಾಡಿ ಬದಲಾವಣೆ. ದಾರಿಯುದ್ದಕ್ಕೂ ಗಡಿಯಾರ ನೋಡುತ್ತಲೇ ಇದ್ದೆ. ನನ್ನ ಜಂಬದಿಂದ ಅವಳ ಜಾಗ ಹೋದರೆ ಯಾವ ಮುಖ ಇಟ್ಟುಕೊಂಡು ಮನೆಗೆ ಹೋಗಲಿ?

ಮಲಾಡ್ ಮುಟ್ಟಿದಾಗ ಹನ್ನೊಂದೂವರೆ. ಶಾಂತಾಳ ಒಲೆ ಹನ್ನೊಂದರೊಳಗೇ ಹೊತ್ತಿ, ಅಂಗಡಿಯ ಮುಂದೆ ಸಾಲು ನಿಂತಿತ್ತು. ಮಲಾಡಿನ ನಲ್ಲಿ ನೀರಿಗೇ ಹಿಟ್ಟು ಬೆಣ್ಣೆಯಂತೆ ಹದ ಬಂದಿತ್ತು. ನನ್ನನ್ನು ಕಂಡ ಶಾಂತಾ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೈಗಿಟ್ಟಳು.

"ಮೊದಲನೇ ರೊಟ್ಟಿ ನಿಮಗಂತ ತೆಗೆದಿಟ್ಟು, ಬಿಸಿ ಮಾಡೀನಿ. ನಿಮ್ಮನ್ನ ರಸ್ತೇದಾಗ ಇಳಿಸಿ ಬರೂವಾಗ ಕರುಳು ಚುರ್ ಅಂತ್ರಿ."

ನನ್ನ ಕಣ್ಣು ತುಂಬಿತು. ಚಟ್ನಿ ಖಾರ ಎಂದೆ. ಇನ್ನೊಂದು ರೊಟ್ಟಿಗೆ ಕೈ ಚಾಚಿದೆ.

"ಸಾಕ್ ಮಾಮಾ," ಎಂದ ವೀರೇಶ, "ಸಂಜೀಕ ಏರು ಹತ್ತೂದೈತಿ!"

ನಾಲ್ಕು ತಿಂದೆ. ಸಂಜೆಯೂ ಲೋಕಲ್ಲಿನಲ್ಲೇ ಬಂದೆ.