ಬಾಗಿಲು ಹಿಡಿದು ನಿಂತ ಮೈದುನ

ನನ್ನ ಮೈದುನ ಇದುವರೆಗೆ ಎಷ್ಟು ಸಲ ಸತ್ತಿದ್ದಾನೋ ಲೆಕ್ಕವಿಲ್ಲ. ಆದರೆ ಒಂದು ಸಲವಾದರೂ ಮರ್ಯಾದೆಯಾಗಿ ಸತ್ತಿದ್ದಾನೆಯೇ? ಇಲ್ಲ! ಬೇರೆಯವರು ಕತ್ತಿ ಹಿಡಿದು ಸಾಯುತ್ತಾರೆ, ಇವನು ಬಾಗಿಲು ಹಿಡಿದು ಸಾಯುತ್ತಾನೆ.

ಹೆದರಬೇಡಿ ಮಕ್ಕಳೇ, ಇದು ಮೊಬೈಲಿನ ಕಾಳಗದ ಆಟದ ಮಾತು. ನಿಮ್ಮಲ್ಲಿ ಇಬ್ಬರು ಈ ಕಥೆಯೊಳಗೇ ಇದ್ದೀರಿ. ಉಳಿದ ಚಿಕ್ಕವರಿಗೂ ತಿಳಿಯಲಿ ಅಂತ ಮೊದಲಿನಿಂದ ಹೇಳುತ್ತೇನೆ. ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು. ನಾಲ್ಕು ಜನರ ಎದುರು ಬಾಯಿ ಬಿಡಲು ಈಗಲೂ ನಾಚಿಕೆ. ಬರೆಯುವುದಾದರೆ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಇಷ್ಟು ಧೈರ್ಯ!

ಆ ಆಟದಲ್ಲಿ ನಾಲ್ವರ ಮೇಲೆ ನಾಲ್ವರು. ಸುತ್ತ ಗೋಡೆಯಿರುವ ಒಂದು ಬಯಲು, ನಡುವೆ ಕೋಟೆ. ಸ್ವಲ್ಪ ಹೊತ್ತಿಗೆ ಗೋಡೆಯ ಕಡೆಯಿಂದ ಬೆಂಕಿ ಹತ್ತಿಕೊಂಡು ಒಳಗೊಳಗೆ ಸರಿಯುತ್ತ ಬರುತ್ತದೆ. ಎಲ್ಲರೂ ಹೊಡೆದಾಡುತ್ತಲೇ ಕೋಟೆಯೊಳಗೆ ಸೇರಬೇಕು. ಬಾಗಿಲ ಹೊರಪಕ್ಕದ ಹಿಡಿಯನ್ನು ಒಬ್ಬರು ಒತ್ತಿ ನಿಂತರೆ ಬಾಗಿಲು ತೆರೆದಿರುತ್ತದೆ, ಕೈ ಬಿಟ್ಟು ಒಳಗೆ ಹಾರಿದರೆ ಮುಚ್ಚುತ್ತದೆ. ಮುಚ್ಚಿದಾಗ ಯಾರ ಕಡೆಯವರು ಒಳಗೆ ಹೆಚ್ಚು ಇದ್ದಾರೋ ಅವರು ಗೆದ್ದರು.

ಆಟ ಇನ್ನೂ ಪೂರ್ತಿ ಆಗಿಲ್ಲವಂತೆ. ಗಾರೆ ಆಗುವ ಮೊದಲೇ ಮನೆ ಒಕ್ಕಲು ಮಾಡಿ, ನೆಂಟರನ್ನು ಕರೆದು, "ಎಲ್ಲಿ ಸೋರ್ತದೆ ನೋಡಿ ಹೇಳಿ" ಅನ್ನುವ ಹಾಗೆ! ಸೋರುವುದೇನು ಕಡಿಮೆಯೇ? ಬಯಲು ಇರುವುದೇ ಎರಡು. ಆಡುವವರು ಕಡಿಮೆ, ಎದುರಾಳಿ ಸಿಗುವಷ್ಟರಲ್ಲಿ ಒಂದು ಸೇರು ಅಕ್ಕಿ ಆರಿಸಬಹುದು. ಸಿಕ್ಕರೆ ನಿನ್ನೆ ಕಲಿತವನ ಎದುರು ಮಹಾ ನುರಿತವನನ್ನು ನಿಲ್ಲಿಸುತ್ತಾರೆ. ಓಡುವಾಗ ಕಾಲು ಗೋಡೆಯೊಳಗೆ ಹೂತು ಹೋಗುತ್ತದೆ. ಆದರೆ ಒಳ್ಳೆಯದನ್ನೂ ಹೇಳಬೇಕು. ಪಂದ್ಯ ಬೇಗ ಮುಗಿಯುತ್ತದೆ. ದುಡ್ಡು ಕೊಟ್ಟವನಿಗೆ ದೊಡ್ಡ ಕತ್ತಿ ಅನ್ನುವ ಮೋಸವಿಲ್ಲ. ಒಬ್ಬರ ಮಾತು ಒಬ್ಬರಿಗೆ ಕೇಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಳಗೆ ಹೋದ ಮೇಲೆ ಯಾರೂ ವಯಸ್ಸು ಕೇಳುವುದಿಲ್ಲ.

ಆ ಕೊನೆಯದು ಮೈದುನನಿಗೆ ಹಿಡಿಸಿತು. ಅವನು ಶಿಕಾರಿಪುರ–ಸೊರಬ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಹೆಂಡತಿ ತೀರಿಕೊಂಡಳು, ಮಕ್ಕಳಿಲ್ಲ. ಶಿಕಾರಿಪುರದ ನನ್ನ ಮಗಳ ಮನೆಯ ಮಹಡಿಯಲ್ಲಿ ಇದ್ದಾನೆ. ಅವನು ಸೇರಿಕೊಂಡ ನಾಲ್ವರ ತಂಡಕ್ಕೆ ನಾಯಕಿ ಆ ಮಗಳ ಮಗಳು ಸಿಂಚನಾ. ಇತ್ತ ಸೊರಬದಲ್ಲಿ ನನ್ನ ಜೊತೆಗಿರುವ ಮೊಮ್ಮಗ ಚೇತನ್ ಒಬ್ಬ. ನಾಲ್ಕನೆಯವನು ಸಿಂಚನಾಳ ಕ್ಲಾಸಿನ ಇಮ್ರಾನ್.

ಕಂಡಕ್ಟರಿಕೆ ಬಿಟ್ಟರೂ ಕಂಡಕ್ಟರಿಕೆ ಇವನನ್ನು ಬಿಡಬೇಕಲ್ಲ! ಪಂದ್ಯ ಶುರುವಾಗುವ ಮೊದಲು ತಲೆ ಎಣಿಸುತ್ತಾನೆ. "ಎಲ್ಲಾ ಬಂದ್ರೇನ್ರೀ? ಹಿಂದೆ ಯಾರರ ಅದಾರಾ? ಹ್ಞಾಂ, ರೈಟ್!" ಅಂತ ಹಳೆಯ ಸೀಟಿ ಊದುತ್ತಾನೆ. ಒಂದು ದಿನ ಆ ಸೀಟಿಗೆ ಬೆಚ್ಚಿಬಿದ್ದ ಎದುರಾಳಿಯೊಬ್ಬ ತಾನಾಗಿಯೇ ಬೆಂಕಿಗೆ ಹಾರಿದ. ನಮ್ಮ ಮೈದುನನ ಕೈಯಲ್ಲಿ ಸತ್ತ ಏಕೈಕ ವೀರ ಅವನೇ!

ಬಯಲಿನ ಜಾಗಗಳಿಗೆಲ್ಲ ನಮ್ಮ ಸುತ್ತಮುತ್ತಲ ಊರುಗಳ ಹೆಸರಿಟ್ಟ. ಎಡಗಡೆಯ ಗುಡ್ಡ ಚಂದ್ರಗುತ್ತಿ, ಬಾವಿಕಟ್ಟೆ ಹೊಸಬಾಳೆ, ಕೋಟೆಬಾಗಿಲು ಈಸೂರು. "ಚಂದ್ರಗುತ್ತಿ ಮೇಲೆ ಇಬ್ರು ಅದಾರ!" ಅಂತ ಕೂಗಿದರೆ ಮಕ್ಕಳು ಅತ್ತ ಓಡುತ್ತಿದ್ದರು. ಮೊದಮೊದಲು ನಕ್ಕ ಸಿಂಚನಾ ಆಮೇಲೆ ಅದೇ ಹೆಸರು ಹೇಳತೊಡಗಿದಳು.

ಇಷ್ಟೇ ಆಗಿದ್ದರೆ ತಾಪತ್ರಯ ಇರಲಿಲ್ಲ. ಇವನ ರೋಗ ಬೇರೆಯೇ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟನೆಂದರೆ, ಯಾರಾದರೂ ಓಡಿ ಬರುತ್ತಿರುವುದು ಕಂಡರೆ ಮುಗಿಯಿತು, ಬಿಡುವುದಿಲ್ಲ!

"ಚಿಕ್ಕಜ್ಜಾ, ಬಾಗಿಲು ಬಿಡ್ರಿ! ಅವನು ಎದುರಾಳಿ!"

"ಗೊತ್ತವ್ವಾ. ಆದ್ರ ಪಾಪ, ಓಡಿ ಬರಾಕತ್ತಾನಲ್ಲ!"

ಆ ಪಾಪದವನು ಓಡಿ ಬಂದು, ಒಳಗೆ ಕಾಲಿಟ್ಟು, ಗದೆ ಎತ್ತಿ ಇವನ ನೆತ್ತಿಗೇ ಹೊಡೆದ. ಮೈದುನ ನೆಲಕ್ಕುರುಳುತ್ತ ಹೇಳಿದ ಮಾತೇನು ಗೊತ್ತೇ? "ಒಳಗ ಸರೀರಿ, ಜಾಗ ಐತಿ."

ಹೀಗೆ ಸೋತು ಸೋತು ಸಿಂಚನಾಗೆ ಸಾಕಾಯಿತು. ಒಂದೇ ಒಂದು ಪಂದ್ಯ ಗೆದ್ದರೆ ತಂಡ ಮೇಲಿನ ದರ್ಜೆಗೆ ಹೋಗುತ್ತದೆ ಅನ್ನುವ ಹೊತ್ತು. ಅವಳು ಖಡಾಖಂಡಿತ ಹೇಳಿಬಿಟ್ಟಳು: "ಈ ಸಲಾನೂ ಬಾಗಿಲು ಹಿಡಿದ್ರೆ ಬೇರೆಯವರನ್ನ ಕರ್ಕೊಳ್ತೀವಿ ಚಿಕ್ಕಜ್ಜಾ. ಬೇಜಾರು ಮಾಡ್ಕೋಬೇಡಿ." ಸಿಂಚನಾ, ಓದುತ್ತಿದ್ದೀಯಲ್ಲ, ಕೋಪ ಮಾಡಿಕೊಳ್ಳಬೇಡ. ನೀನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಮೈದುನ ನನಗೆ ಫೋನು ಮಾಡಿದ. ಅವನಿಗೆ ತಮಾಷೆಯಿಲ್ಲದೆ ಮಾತು ಶುರು ಮಾಡಲು ಬರುವುದಿಲ್ಲ. ಅವತ್ತು ತಮಾಷೆ ಇರಲಿಲ್ಲ.

"ಅತ್ತಿಗೆ, ಬಸ್‌ಸ್ಟ್ಯಾಂಡಿಗೆ ಹೋದ್ರ ಹೊಸ ಹುಡುಗ್ರು 'ಎಲ್ಲಿಗ್ರೀ ಅಜ್ಜಾರ' ಅಂತ ಟಿಕೆಟ್ ಕೇಳ್ತಾರ. ಈ ಹುಡುಗ್ರೂ ನನ್ನ ಕೈಬಿಟ್ರ ಸಂಜಿ ಮುಂದ ನಾ ಎಲ್ಲಿಗೆ ಹೋಗ್ಲಿ ಹೇಳ್ರಿ?"

"ಬಾಗಿಲು ಹಿಡೀಬೇಡ, ಅಷ್ಟೇ ಅಲ್ವಾ? ಬಿಟ್ಟುಬಿಡು."

"ಬಿಡ್ತೀನಿ. ಆಣೆ ಮಾಡಿ ಹೇಳ್ತೀನಿ, ಬಿಡ್ತೀನಿ."

ಪಂದ್ಯದ ಸಂಜೆ ನೋಡಿ, ಇಮ್ರಾನನ ಸೋದರತ್ತೆಯ ಮಗಳ ಮದುವೆ! ಅವನು ಬಿರಿಯಾನಿಯ ಮುಂದೆ, ತಂಡ ಬೀದಿಯಲ್ಲಿ. ಮೂವರನ್ನು ಆ ಆಟ ಒಳಗೇ ಬಿಡುವುದಿಲ್ಲ. ಚೇತನ್ ತನ್ನಮ್ಮನ ಮೊಬೈಲು ತಂದು ನನ್ನ ಕೈಗೆ ತುರುಕಿದ.

"ಅಜ್ಜಿ, ನೀನು ಔಷಧಿ ಹಾಕೋಳು. ಹೊಡೆಯೋದು ಬೇಡ, ಸುಮ್ನೆ ನಮ್ಮ ಹಿಂದೆ ಬಾ."

"ಅಯ್ಯೋ, ನಂಗೆ ಎಂತ ಗೊತ್ತಾಗ್ತದೆ ಮಾರಾಯ?"

"ಎಂತದೂ ಗೊತ್ತಾಗಬೇಕಾಗಿಲ್ಲ. ಓಡು ಅಂದ್ರೆ ಓಡು."

ಅಂಗೈ ಬೆವರಿ ಮೊಬೈಲು ಮೀನಿನಂತೆ ಜಾರುತ್ತಿತ್ತು. ಪಂದ್ಯ ಶುರುವಾಯಿತು. ಮೈದುನ ಸೀಟಿ ಊದಲಿಲ್ಲ. ತಲೆ ಎಣಿಸಲಿಲ್ಲ. ನನಗೆ ಅದೇ ಹೆಚ್ಚು ಭಯವಾಯಿತು. ಯಾರ ಮೇಲೆ ಔಷಧಿ ಚೆಲ್ಲಿದೆನೋ, ಎದುರಾಳಿಯೊಬ್ಬ ಗುಣವಾಗಿ ಎದ್ದು ಕುಣಿದ! "ಅಜ್ಜೀ!" ಅಂತ ಎರಡೂ ಊರಿನಿಂದ ಒಟ್ಟಿಗೆ ಕೂಗು. ಆದರೂ ಸಿಂಚನಾ ಇಬ್ಬರನ್ನು ಕೆಡವಿದಳು. ಎದುರಾಳಿಗಳು ಇಬ್ಬರೇ ಉಳಿದರು. ಬೆಂಕಿ ಸರಿಯತೊಡಗಿತು.

"ಈಸೂರಿಗೆ ಓಡಿ, ಎಲ್ಲಾ ಈಸೂರಿಗೆ!" ಸಿಂಚನಾ ಕೂಗಿದಳು.

ಮೈದುನ ಮೊದಲು ತಲುಪಿ ಹಿಡಿ ಒತ್ತಿದ. ಸಿಂಚನಾ, ಚೇತನ್ ಓಡಿ ಒಳಗೆ ಸೇರಿದರು. ನಾನು? ನನ್ನ ಕಾಲು ಹೊಸಬಾಳೆಯ ಬಾವಿಕಟ್ಟೆಯೊಳಗೆ ಹೂತುಹೋಗಿತ್ತು! ಒತ್ತಿದೆ, ಎಳೆದೆ, ಕೂತಲ್ಲೇ ನನ್ನ ನಿಜವಾದ ಕಾಲನ್ನೂ ಝಾಡಿಸಿದೆ. ಕದಲಲಿಲ್ಲ. ಬೆನ್ನ ಹಿಂದೆ ಬೆಂಕಿ. ಗುಡ್ಡದ ಕಡೆಯಿಂದ ಆ ಇಬ್ಬರು ಎದುರಾಳಿಗಳು ಬಾಗಿಲಿಗೆ ಓಡುತ್ತಿದ್ದಾರೆ.

"ಬಿಡ್ರಿ ಚಿಕ್ಕಜ್ಜಾ! ನೀವು ಒಳಗೆ ಹಾರಿದ್ರೆ ಗೆದ್ವಿ! ಅಜ್ಜಿ ಹೋದ್ರೂ ಪರವಾಗಿಲ್ಲ!"

ಅವನು ಹಿಡಿ ಒತ್ತಿಯೇ ನಿಂತಿದ್ದ.

"ನೀನು ಹೋಗಪ್ಪಾ," ನಾನೂ ಅಂದೆ. "ನನ್ನ ಬಿಟ್ಟು ಹೋಗು. ನಿನ್ನ ತೆಗೆದುಹಾಕ್ತಾರೆ."

"ಗಡಿಬಿಡಿ ಬ್ಯಾಡ್ರಿ ಅತ್ತಿಗೆ. ನಿಧಾನಕ್ಕ ಬರ್ರಿ."

"ಇದು ಬಸ್ಸಲ್ಲ ಚಿಕ್ಕಜ್ಜಾ!" ಸಿಂಚನಾಳ ದನಿಯಲ್ಲಿ ಅಳು ಬಂದಿತ್ತು.

"ಬಸ್ಸಿನ ಮಾತಲ್ಲವ್ವಾ." ಅವನ ದನಿ ಬೇರೆಯಾಗಿತ್ತು. "ನಿಮ್ಮ ಅಜ್ಜ ತೀರಿಕೊಂಡ ದಿನ ನಾ ಡ್ಯೂಟಿ ಮ್ಯಾಲಿದ್ದೆ. ಹೊತ್ತು ಮುಳುಗ್ತದ ಅಂತ ಹಿರೇರು ಲಗೂನ ಎತ್ತಿಬಿಟ್ರು. ನಾ ಗದ್ದಿ ಬದುವಿನ ಮ್ಯಾಲೆ ಕೂಗ್ತಾ ಓಡಿ ಬರಾಕತ್ತಿದ್ದೆ. ಅಷ್ಟರಾಗ ಚಿತಿ ಹೊಗಿ ಕಾಣ್ತು. ಒಂದ್ ಚೂರು ನಿಂತಿದ್ರ ಅಣ್ಣನ ಮುಖ ನೋಡ್ತಿದ್ದೆ."

ಹೆಂಗಸರು ನಾವು ಮನೆಯಲ್ಲೇ ಉಳಿದಿದ್ದೆವು. ಆ ಸಂಜೆ ಇವನು ಅಂಗಳದಲ್ಲಿ ನಿಂತಾಗ ಮೊಣಕಾಲ ತನಕ ಕೆಸರು ಇತ್ತು. ಕಾಲಿಗೆ ನೀರು ಕೊಟ್ಟಿದ್ದೆ. ಏನೂ ಕೇಳಿರಲಿಲ್ಲ, ಅವನೂ ಏನೂ ಹೇಳಿರಲಿಲ್ಲ.

ಮೊಬೈಲಿನಲ್ಲಿ ಬೆಂಕಿಯ ಸದ್ದು ಹತ್ತಿರವಾಯಿತು. ನೋಡುತ್ತೇನೆ, ಸಿಂಚನಾಳ ಬಿಲ್ಲುಗಾರ್ತಿ ಬಾಗಿಲು ದಾಟಿ ಹೊರಗೆ ಬಂದಳು. ಹಿಂದೆಯೇ ಚೇತನ್. ಇಬ್ಬರೂ ಬೆಂಕಿಯತ್ತಲೇ, ಬಾವಿಕಟ್ಟೆಯ ಕಡೆಗೇ ಓಡಿ ಬಂದು ನನ್ನ ಎರಡೂ ಪಕ್ಕ ನಿಂತರು. ಆ ಎದುರಾಳಿಗಳು ಏನು ತಿಳಿದುಕೊಂಡರೋ ಪಾಪ, ಮೈದುನನಿಗೆ ಒಂದು ಏಟೂ ಹಾಕದೆ ಪಕ್ಕದಲ್ಲೇ ಮೆಲ್ಲಗೆ ನಡೆದು ಒಳಗೆ ಹೋದರು. ಗೆದ್ದರು.

ನಾವು ನಾಲ್ವರೂ ಸುಟ್ಟು ಬೂದಿಯಾದೆವು.

ಆಮೇಲೆ ಸಿಂಚನಾ ಮೂಗೆಳೆದುಕೊಂಡು, "ನಾಳೆ ಐದೂವರೆಗೆ, ಚಿಕ್ಕಜ್ಜಾ" ಅಂದಳು.

"ನಾಳಿ ಕಣ್ಣಿನ ಡಾಕ್ಟ್ರ ಹತ್ರ ಹೋಗೋದೈತವ್ವಾ. ತಡ ಆದ್ರ?"

"ಕಾಯ್ತೀವಿ."